ಹಾಲು ಬಾರದ ಮರ

ಆಟಿ ತಿಂಗಳ ಅಮಾವಾಸ್ಯೆಗೆ ಎರಡು ದಿನ ಇರುವಾಗ ಗುಲಾಬಿಯ ಅಣ್ಣ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ. ಪ್ರತಿ ವರ್ಷ ಪಾಲೆ ಮರದ ತೊಗಟೆ ತಂದುಕೊಡುತ್ತಿದ್ದವನು ಅವನೇ. ಸೂರ್ಯ ಹುಟ್ಟುವ ಮೊದಲು, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೆಗೆಯಬೇಕಾದ ತೊಗಟೆ ಅದು. ಊರು ಬಿಟ್ಟು ಪೇಟೆಯ ಪಂಪ್‌ವೆಲ್ ಹತ್ತಿರದ ಫ್ಲ್ಯಾಟಿಗೆ ಬಂದು ಹನ್ನೊಂದು ವರ್ಷವಾದರೂ, ಕರಾವಳಿಯ ಕ್ರಮದಂತೆ ಆ ದಿನ ಖಾಲಿ ಹೊಟ್ಟೆಗೆ ಅದರ ಕಷಾಯ ಕುಡಿಯುವುದನ್ನು ಗುಲಾಬಿ ತಪ್ಪಿಸಿರಲಿಲ್ಲ.

"ಮರ ಹುಡುಕ್ಲಿಕ್ಕೆ ನಿನ್ನ ಅಣ್ಣನೇ ಆಗ್ಬೇಕಾ ಮಾರಾಯ್ತಿ? ಫೋನ್ ಉಂಟಲ್ಲ" ಎಂದ ಗಂಡ ಸರ್ವೋತ್ತಮ.

ಬಂದರಿನ ನೀರುಳ್ಳಿ ಗೋದಾಮಿನಲ್ಲಿ ಅವನಿಗೆ ಕೆಲಸ. ಅಮಾವಾಸ್ಯೆಯ ಹಿಂದಿನ ಸಂಜೆ ಅವನು ಮನೆಗೆ ಬಂದದ್ದೇ ಎಲೆಗಳಿದ್ದ ಒಂದು ಹಸಿ ಗೆಲ್ಲು, ಅಂಗೈಯಗಲದ ತೊಗಟೆ ಹಿಡಿದುಕೊಂಡು.

"ಇದು ಸ್ಯಾಂಪಲ್. ಗುಡ್ಡೆಯಲ್ಲಿ ಮರಕ್ಕೆ ಗುರ್ತು ಹಾಕಿ ಬಂದಿದ್ದೇನೆ. ಬೆಳಿಗ್ಗೆ ಹೋಗಿ ತರುದೊಂದೇ ಬಾಕಿ."

"ಪಾಲೆಯೇ ಅಂತ ಹೇಗೆ ಗೊತ್ತಾಯ್ತು?"

ಸರ್ವೋತ್ತಮ ಫೋನ್ ತೋರಿಸಿದ. "ಮೊದ್ಲು ಸರ್ಚ್ ಮಾಡಿದ್ರೆ ಹತ್ತು ವೆಬ್‌ಸೈಟಿನ ಹೆಸರು ಬರ್ತಿತ್ತು, ಒಂದೊಂದೇ ಒತ್ತಿ ಓದ್ಬೇಕಿತ್ತು. ಈಗ ಆ ಕಷ್ಟ ಇಲ್ಲ. ಎಐ ಉಂಟಲ್ಲ, ಅದುವೇ ಎಲ್ಲ ಓದಿ ಮೇಲೆ ನಾಲ್ಕು ಗೆರೆಯಲ್ಲಿ ಹೇಳಿಬಿಡ್ತದೆ."

ಗುಲಾಬಿ ಓದಿದಳು. ಬೂದು ಬಣ್ಣದ ತೊಗಟೆ, ಹೊಳೆಯುವ ಹಸಿರು ಎಲೆ, ಬಹಳ ಕಹಿ ಎಂದಿತ್ತು.

"ಇದನ್ನು ಬರೆದದ್ದು ಯಾರು?"

"ಯಾರು ಅಂದ್ರೆ? ಫೋನ್."

"ಫೋನಿಗೆ ಹೇಳಿದ್ದು ಯಾರು?"

"ನಿನ್ನ ಅಣ್ಣ ತೊಗಟೆ ತಂದಾಗ ಇಷ್ಟು ಪ್ರಶ್ನೆ ಕೇಳ್ತಿದ್ದಿಯಾ?"

"ಅವನಿಗೆ ಎಂತ ಕೇಳುದು? ತಪ್ಪಿದ್ರೆ ಹೋಗಿ ಬೈಲಿಕ್ಕೆ ಅವನ ಮನೆ ನನಗೆ ಗೊತ್ತುಂಟು."

ಸರ್ವೋತ್ತಮ ನಕ್ಕ. ಗುಲಾಬಿಗೆ ನಗು ಬರಲಿಲ್ಲ. ಮನೆಯಲ್ಲಿ ಕಷಾಯದ ಮೊದಲ ಲೋಟ ಯಾವಾಗಲೂ ಮಗಳು ಸಂಚಿತಾಳಿಗೆ. ಆಮೇಲಾದರೆ ಅವಳು ಕಹಿಗೆ ಹೆದರಿ ಮಂಚದ ಅಡಿ ಸೇರುತ್ತಾಳೆ ಎಂದು ಮಾಡಿಕೊಂಡ ಕ್ರಮ ಅದು. ನಾಳೆಯೂ ಮೊದಲ ಗುಟುಕು ಹತ್ತು ವರ್ಷದ ಮಗುವಿನದು.

ಸ್ವಸಹಾಯ ಸಂಘದ ಸಭೆಗೆ ಬಂದಿದ್ದ ಹನಾನ್ ಟೀಚರ್ ಹೇಳಿದ್ದು ಅವಳಿಗೆ ನೆನಪಾಯಿತು. ಮೇಲಿನ ಉತ್ತರದ ಪಕ್ಕದಲ್ಲೋ ಅಡಿಯಲ್ಲೋ ಅದು ಬಂದ ಜಾಗದ ಹೆಸರು ಸಣ್ಣದಾಗಿ ಇರುತ್ತದೆ, ಅದನ್ನು ಒತ್ತಿ ನೋಡಿ ಎಂದಿದ್ದರು. ಗುಲಾಬಿ ಒತ್ತಿದಳು. ಕರಾವಳಿಯ ಮರಗಳ ಬಗ್ಗೆ ತೊಕ್ಕೊಟ್ಟಿನ ಮೊರಿಸ್ ಎಂಬ ನಿವೃತ್ತ ಮಾಸ್ಟ್ರು ಬರೆದ ಪುಟ ತೆರೆಯಿತು. ಅವರ ಫೋಟೋ, ಫೋನ್ ನಂಬರ್ ಎರಡೂ ಇದ್ದವು. ಫೋನ್ ಹೇಳಿದ ಮಾತುಗಳು ಆ ಪುಟದ ಮೊದಲ ಸಾಲುಗಳೇ. ಇನ್ನೂ ಕೆಳಗೆ ಹೀಗಿತ್ತು:

'ಕಾಸರ್ಕನ ಮರದ ತೊಗಟೆಯೂ ಬೂದು, ಅದೂ ಕಹಿ. ಆದರೆ ಅದು ವಿಷ. ಪಾಲೆಯ ಎಲೆಗಳು ಒಂದೇ ಗಂಟಿನ ಸುತ್ತ ಐದು, ಆರು, ಏಳು ಇರುತ್ತವೆ. ಎಲೆ ಮುರಿದರೆ ಬಿಳಿ ಹಾಲು ಬರುತ್ತದೆ. ಹಾಲು ಬಾರದ ಮರವನ್ನು ಮುಟ್ಟಬೇಡಿ.'

"ಆ ಎಲೆ ಮುರೀರಿ" ಎಂದಳು ಗುಲಾಬಿ.

ಸರ್ವೋತ್ತಮ ಮುರಿದ. ಹಾಲಿಲ್ಲ. ಇನ್ನೊಂದು ಮುರಿದ. ಎಲೆಗಳು ಗೆಲ್ಲಿನ ಉದ್ದಕ್ಕೂ ಎರಡೆರಡೇ ಇದ್ದವು. ಅವನು ಎದ್ದುಹೋಗಿ ಸಾಬೂನು ಹಾಕಿ ಕೈ ತೊಳೆದ. ಬಂದು ಕೂತವನು ಎದ್ದು ಮತ್ತೊಮ್ಮೆ ತೊಳೆದ.

ಗುಲಾಬಿ ಸ್ಪೀಕರ್ ಹಾಕಿ ಮಾಸ್ಟ್ರಿಗೆ ಫೋನ್ ಮಾಡಿದಳು.

"ನನ್ನ ನಂಬರ್ ಎಲ್ಲಿ ಸಿಕ್ಕಿತು ಅಕ್ಕ?"

"ನಿಮ್ಮ ವೆಬ್‌ಸೈಟಲ್ಲಿ."

ಮಾಸ್ಟ್ರು ಕೂಡಲೇ ಕೇಳಿದರು: "ಕೆಳಗಿನವರೆಗೆ ಓದಿದ್ರಾ?"

"ಓದಿದೆ ಮಾಸ್ಟ್ರೇ. ಹಾಗಾಗಿಯೇ ಫೋನ್ ಮಾಡಿದ್ದು."

ಎಲ್ಲ ಕೇಳಿದ ಮೇಲೆ ಮೊರಿಸ್ ಮಾಸ್ಟ್ರು ಹೇಳಿದರು: "ಆ ಗೆಲ್ಲು, ತೊಗಟೆ ಬಿಸಾಡಿ. ನಾನು ಬರೆದದ್ದನ್ನು ಓದಿ ಸಹ ಒಬ್ರೇ ಹೋಗಿ ತೆಗೀಬೇಡಿ. ಮರ ಗೊತ್ತಿದ್ದವರು ಕಣ್ಣಲ್ಲಿ ನೋಡ್ಬೇಕು. ನಮ್ಮ ಹಿತ್ತಿಲಲ್ಲಿ ಪಾಲೆ ಉಂಟು, ಬೆಳಿಗ್ಗೆ ಬನ್ನಿ." ಆಮೇಲೆ ಮೆಲ್ಲಗೆ ಸೇರಿಸಿದರು: "ಮೂರು ವರ್ಷದ ಹಿಂದೆ ಆಟಿಯಲ್ಲಿ ದಿನಕ್ಕೆ ನಾನೂರು ಜನ ನನ್ನ ಪುಟ ನೋಡ್ತಿದ್ರು. ಫೋಟೋ ಕಳಿಸಿ ಕೇಳ್ತಿದ್ರು, ನಾನು ತಪ್ಪಿದ್ರೆ ತಿದ್ದುತ್ತಿದ್ರು. ಈಗ ಉತ್ತರ ಜಗಲಿಯಲ್ಲೇ ಸಿಗ್ತದೆ, ಒಳಗೆ ಯಾರು ಬರ್ತಾರೆ? ಇವತ್ತು ನಿಮ್ಮನ್ನು ಸೇರಿಸಿ ಐದು ಜನ. ಈ ತಿಂಗಳು ಮುಚ್ಚುವ ಅಂತ ಇದ್ದೆ."

ಸರ್ವೋತ್ತಮ ಹೆಂಡತಿಯ ಕೈಯಿಂದ ಫೋನ್ ತೆಗೆದುಕೊಂಡ. "ಮುಚ್ಚಬೇಡಿ ಮಾಸ್ಟ್ರೇ. ನೀವೆಲ್ಲ ಬರೆಯುದು ಬಿಟ್ರೆ ನಾಳೆ ಈ ಫೋನ್ ಯಾರದ್ದನ್ನು ಓದಿ ಹೇಳ್ತದೆ?"

ಮದುವೆಯಾದ ಮೇಲೆ ಗಂಡ ಇಷ್ಟು ಬೇಗ ಸೋತದ್ದನ್ನು ಗುಲಾಬಿ ನೋಡಿರಲಿಲ್ಲ. ಆದರೂ ಅವಳು ಅದನ್ನು ಆಡಿ ತೋರಿಸಲಿಲ್ಲ.

ಮರುದಿನ ನಸುಕಿನಲ್ಲಿ ಮಾಸ್ಟ್ರ ಹಿತ್ತಿಲಲ್ಲಿ ಸರ್ವೋತ್ತಮ ಕಲ್ಲೆತ್ತಿ ಹೊಡೆದ. ಬಿಳಿ ಹಾಲು ಬೆರಳಿಗೆ ಅಂಟಿತು. ಅವನು ಅದನ್ನು ಮಗಳಿಗೆ ತೋರಿಸಲು ಒರೆಸದೆ ಹಾಗೆಯೇ ಮನೆಗೆ ತಂದ. ಸಂಚಿತಾ ಮೂಗು ಹಿಡಿದು ಮೊದಲ ಲೋಟ ಕುಡಿದು, ಆ ಕಹಿಯ ಮೇಲೆ ಕೊಡುವ ಮೆಂತೆ ಗಂಜಿಗೆ ಓಡಿದಳು.

ಅದೇ ದಿನ ಮೊರಿಸ್ ಮಾಸ್ಟ್ರು ಪುಟದ ಕೆಳಗಿದ್ದ ಎಚ್ಚರಿಕೆಯನ್ನು ತಂದು ಮೊದಲ ಸಾಲಿಗೆ ಹಾಕಿದರು. ಸರ್ವೋತ್ತಮ ಗೋದಾಮಿನ ವಾಟ್ಸಾಪ್ ಗುಂಪಿಗೆ ಆ ಪುಟದ ಲಿಂಕನ್ನೇ ಕಳಿಸಿದ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ಸರ್ಚ್ ಮಾಡಿದಾಗ ಮೇಲೆ ಬರುವ ಉತ್ತರ ಹೆಚ್ಚಿನ ಸಲ ಸರಿಯಾಗಿಯೇ ಇರಬಹುದು. ಆದರೆ ಚಿಕ್ಕದು ಮಾಡುವಾಗ ಯಾವ ಮಾತು ಬಿಟ್ಟುಹೋಗಿದೆ ಎಂದು ಅದು ನಮಗೆ ಹೇಳುವುದಿಲ್ಲ. ಮದ್ದು, ಆಹಾರ, ಮಕ್ಕಳ ವಿಷಯ ಹುಡುಕುವಾಗ ಮೂಲವನ್ನು ಒತ್ತಿ, ಯಾರು ಬರೆದದ್ದು, ಯಾವಾಗ ಬರೆದದ್ದು ಎಂದು ನೋಡಿ, ಕೊನೆಯವರೆಗೆ ಓದಿ. ಸಂಶಯವಿದ್ದರೆ ಗೊತ್ತಿದ್ದವರನ್ನು ಕೇಳಿ. ನಿಮ್ಮದೇ ವೆಬ್‌ಸೈಟ್ ಇದ್ದರೆ ಹೆಸರು, ಊರು, ಫೋನ್ ನಂಬರ್ ಹಾಕಿ, ಜನ ತಪ್ಪದೆ ತಿಳಿಯಬೇಕಾದ ಮಾತನ್ನು ಮೊದಲ ಸಾಲಲ್ಲೇ ಬರೆಯಿರಿ.

ತಪ್ಪಿದರೆ ಹೋಗಿ ಬೈಯಲು ಒಂದು ಮನೆ ಗೊತ್ತಿರಲಿ. ಸರಿಯಾದರೆ ಅದೇ ಮನೆಗೆ ಫೋನ್ ಮಾಡಿ, ಓದಿದೆ ಎಂದು ಒಂದು ಮಾತು ಹೇಳಿ.