ಬಾಗಿಲು ನೀವೇ ತರಬೇಕು

"ತಲೆ ಕಡೆಯವರು ಸ್ವಲ್ಪ ಮೇಲೆತ್ತಿ. ಕಾಲ ಕಡೆ ಹಾಗೇ ಇರಲಿ. ಹಿಂದೆ ಬನ್ನಿ, ಇನ್ನೂ ಹಿಂದೆ, ಹೋಲ್ಡಾನ್," ಎಂದು ಕಂಡಕ್ಟರ್ ಮೆಟ್ಟಿಲ ಬುಡದಲ್ಲಿ ನಿಂತು ಕೈಯಾಡಿಸುತ್ತಿದ್ದರು.

ಹಿಟ್ಟಿನ ಗಿರಣಿಯ ಪಕ್ಕದಿಂದ ಮಾಳಿಗೆಗೆ ಹತ್ತುವ ಆ ಮೆಟ್ಟಿಲು ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದಷ್ಟು ಇಕ್ಕಟ್ಟು. ಸಾಲದ್ದಕ್ಕೆ ಅರ್ಧದಲ್ಲೊಂದು ತಿರುವು. ಆ ತಿರುವಿನಲ್ಲಿ ಹರಾಜಣ್ಣನ ದೇಹ, ಹೊತ್ತ ನಾಲ್ವರ ಸಮೇತ ಸಿಕ್ಕಿಕೊಂಡಿತ್ತು. ನಿವೃತ್ತರಾಗಿ ಎಂಟು ವರ್ಷವಾದರೂ ಕಂಡಕ್ಟರನ್ನು ಬಸ್ಸು ಬಿಟ್ಟಿರಲಿಲ್ಲ.

"ರಿವರ್ಸು ಸಾಕು ಸ್ವಾಮಿ, ರೈಟ್ ಹೇಳಿ. ಕೈ ಬಿದ್ದುಹೋಗ್ತಿದೆ," ಎಂದ ತಲೆಯ ಕಡೆ ಹೊತ್ತಿದ್ದ ಇಸ್ತ್ರಿಯವನು.

ಯಾರೋ ಕಿಸಕ್ಕನೆ ನಕ್ಕು, ತಮ್ಮ ಬಾಯಿಯನ್ನು ತಾವೇ ಮುಚ್ಚಿಕೊಂಡರು. ಮೇಲೆ ನಿಂತಿದ್ದ ಹರಾಜಣ್ಣನ ಮಗಳು ಅಳುತ್ತಲೇ ಹೇಳಿದಳು: "ಅಪ್ಪ ಇದ್ದಿದ್ರೆ ಹೇಳಿಕೊಡ್ತಿದ್ರು. ಇದೇ ಮೆಟ್ಟಿಲಲ್ಲಿ ನೀರಿನ ಟ್ಯಾಂಕ್ ಇಳಿಸಿದೋರು ಅವರು."

ಮಾಳಿಗೆಯ ಕೋಣೆಯ ಮೂಲೆಯಲ್ಲಿ ನಿಂತಿದ್ದ ಟೈಲರಮ್ಮ ಆ ಮನೆಗೆ ಬಂದದ್ದು ಅದೇ ಮೊದಲು. ಹನ್ನೊಂದು ವರ್ಷ ಅವಳು ಹರಾಜಣ್ಣನ ಬಾಡಿಗೆದಾರಳು, ಆದರೆ ಬಾಡಿಗೆ ಪಡೆಯಲು ಅವರೇ ಅವಳಲ್ಲಿಗೆ ಬರುತ್ತಿದ್ದರು. ಅವರದು ಮೂಲತಃ ಕೊಳಾಯಿ ರಿಪೇರಿ ಕೆಲಸ. ಬ್ಯಾಂಕಿನವರು ಜಪ್ತಿ ಮಾಡಿ ಹರಾಜಿಗೆ ಹಾಕಿದ ಮನೆಗಳಲ್ಲಿ ಯಾರಿಗೂ ಬೇಡವಾದವನ್ನು ಅಗ್ಗಕ್ಕೆ ಹಿಡಿದು, ತಾವೇ ರಿಪೇರಿ ಮಾಡಿ ಬಾಡಿಗೆಗೆ ಬಿಡುತ್ತಿದ್ದರು. ಹಾಗೆ ಹಿಡಿದವು ಮೂರು: ಒಂದರಲ್ಲಿ ಕಂಡಕ್ಟರ್, ಒಂದರಲ್ಲಿ ಇಸ್ತ್ರಿಯವನು, ಒಂದರಲ್ಲಿ ಅವಳು. ಅದಕ್ಕೇ ಊರೆಲ್ಲ ಹರಾಜಣ್ಣ ಎನ್ನುತ್ತಿತ್ತು. ಅವರೂ ಓಗೊಡುತ್ತಿದ್ದರು.

ಮೂರು ಮನೆಯ ಯಜಮಾನನ ಮನೆ ಹೇಗಿರಬಹುದೆಂದು ಅವಳು ಲೆಕ್ಕ ಹಾಕಿಕೊಂಡಿದ್ದೇ ಬೇರೆ. ಇಲ್ಲಿದ್ದುದು ಎರಡು ಪುಟ್ಟ ಕೋಣೆ. ಗೋಡೆಯುದ್ದಕ್ಕೂ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು. ಪಾತ್ರೆ ಒಂದರಲ್ಲಿ, ಹಾಸಿಗೆ ಒಂದರಲ್ಲಿ.

"ಇದೇನು, ಎಲ್ಲಾ ಕಟ್ಟಿಟ್ಟಿದ್ದಾರೆ?" ಎಂದು ಪಕ್ಕದಲ್ಲಿದ್ದ ಗಿರಣಿ ಯಜಮಾನರನ್ನು ಕೇಳಿದಳು.

ಅವರು ಮುಖ ಸಣ್ಣ ಮಾಡಿಕೊಂಡರು. "ಇದು ಬಾಡಿಗೆ ಮನೆ ಕಣಮ್ಮ. ನಂದೇ. ಇಪ್ಪತ್ತೆರಡು ವರ್ಷದಿಂದ ಇದ್ರು."

"ಮನೆ ಬಾಡಿಗೆಗೆ ಕೊಡೋರು ತಾವೇ ಬಾಡಿಗೆ ಮನೇಲಿದ್ರಾ?"

"ನನಗೂ ಅದೇ ಆಶ್ಚರ್ಯ. ನನ್ನ ಮಗನಿಗೆ ಮದುವೆ ಗೊತ್ತಾಯ್ತು, ಮಾಳಿಗೆ ಬೇಕು ಅಂದೆ. ತಿಂಗಳ ಕೊನೆಗೆ ಬಿಡ್ತೀನಿ ಅಂದ್ರು. ನಿಮ್ಮದೇ ಮೂರಿದೆಯಲ್ಲ, ಯಾರನ್ನಾದ್ರೂ ಕೇಳಿ ಅಂತ ನಾನೇ ದುಂಬಾಲು ಬಿದ್ದೆ. ಹೋದ ವಾರ ಕೇಳ್ಕೊಂಡು ಬರ್ತೀನಿ ಅಂತ ಹೊರಟೋರು, ಬಂದು, ಕೇಳೋಕಾಗಲಿಲ್ಲ ಅಂದ್ರು. ಯಾರ ಮನೆಗೆ ಹೋಗಿದ್ರೋ ಏನೋ. ಈಗ ಆ ಹುಡುಗಿ ಮುಖ ನೋಡೋಕೆ ನನಗೇ ನಾಚಿಕೆ."

ಯಾರ ಮನೆಗೆ ಹೋಗಿದ್ದರೆಂದು ಟೈಲರಮ್ಮನಿಗೆ ಗೊತ್ತಿತ್ತು.

*

ಹೋದ ವಾರ ಮಂಗಳವಾರ ಮಧ್ಯಾಹ್ನ ಅವಳು ಶಾಲೆಯ ಸಮವಸ್ತ್ರಗಳ ರಾಶಿಯೊಳಗೆ ಮುಳುಗಿದ್ದಳು. ಬಾಡಿಗೆಯ ದಿನವಲ್ಲದ ದಿನ ಹರಾಜಣ್ಣ ಬಾಗಿಲಲ್ಲಿ ಬಂದು ನಿಂತರು. ಚಪ್ಪಲಿ ಬಿಡಲಿಲ್ಲ, ಒಳಗೂ ಬರಲಿಲ್ಲ, ಹೋಗಲೂ ಇಲ್ಲ. ಮನೆ ಯಜಮಾನ ಹೀಗೆ ಬಂದು ನಿಂತರೆ ಬಾಡಿಗೆ ಏರಿಸುವುದಕ್ಕೇ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವುದು ಅವಳ ಧರ್ಮ. ಅವರು ಬಾಯಿ ತೆರೆಯುವ ಮೊದಲೇ ಇವಳು ಶುರು ಹಚ್ಚಿಕೊಂಡಳು.

"ಬಂದ್ರಾ? ಒಳ್ಳೇದಾಯ್ತು. ಅಡುಗೆಮನೆ ನಲ್ಲಿ ರಾತ್ರಿಯೆಲ್ಲಾ ತೊಟ್ಟಿಕ್ಕುತ್ತೆ. ಬಚ್ಚಲ ನೀರು ಹಿಂದಕ್ಕೆ ಬರುತ್ತೆ. ಮಾಡಿನ ಶೀಟು ಸೀಳಿದೆ ಅಂತ ಎಷ್ಟು ಸಲ ಹೇಳಿದ್ದೀನಿ? ಬಾಡಿಗೆ ತಗೊಳ್ಳೋವಾಗ ಎರಡು ಕೈ, ರಿಪೇರಿಗೆ ಒಂದು ಕೈಯೂ ಇಲ್ಲ."

ಇದು ಶುದ್ಧ ಸುಳ್ಳು. ರಿಪೇರಿಗೆ ಅವರು ಹೇಳಿ ಕಳಿಸಿದ ದಿನವೇ ಬರುತ್ತಿದ್ದರು.

"ಆಯ್ತಮ್ಮ, ಆಯ್ತು," ಎನ್ನುತ್ತ ಅವರು ಜೇಬಿನಿಂದ ವಾಷರ್ ತೆಗೆದು ನಲ್ಲಿ ಸರಿಮಾಡಿದರು. ಕೈ ತೊಳೆದುಕೊಂಡು ನಡುಮನೆಯತ್ತ ಒಂದು ಗಳಿಗೆ ನೋಡುತ್ತ ನಿಂತರು. "ಇನ್ನೊಂದು ದಿನ ಬರ್ತೀನಿ," ಎಂದರು.

"ಬಾಡಿಗೆ ಏರಿಸೋದಾದ್ರೆ ಬರೋದೇ ಬೇಡ," ಎಂದಳು ಅವಳು ಮಿಷನ್ ತುಳಿಯುತ್ತ.

ಅವರು ನಕ್ಕು ಹೋದರು. ಗೆದ್ದೆ ಎಂದುಕೊಂಡಿದ್ದಳು. ಶನಿವಾರ ಯಾರದೋ ಮನೆಯ ತೊಟ್ಟಿಯ ಪಕ್ಕ ಕೆಲಸ ಮಾಡುತ್ತಲೇ ಕುಸಿದರಂತೆ, ಆಮೇಲೆ ಏಳಲಿಲ್ಲ.

*

ಸ್ಮಶಾನದ ದಾರಿಯಲ್ಲಿ ಮೂವರು ಬಾಡಿಗೆದಾರರು ತಾವಾಗಿಯೇ ಒಟ್ಟಿಗೆ ನಡೆಯುತ್ತಿದ್ದರು. ಹೆಗಲು ಬದಲಾಯಿಸಿ ಬಂದಿದ್ದ ಇಸ್ತ್ರಿಯವನು ತೋಳು ಉಜ್ಜಿಕೊಳ್ಳುತ್ತಿದ್ದ.

"ಪೆಟ್ಟಿಗೆ ಕಟ್ಟಿಟ್ಟಿರೋದು ನೋಡಿದ್ರಾ?" ಎಂದರು ಕಂಡಕ್ಟರ್ ಮೆಲ್ಲಗೆ. "ಆ ಹುಡುಗಿಗೆ ಈಗ ಒಂದು ಮನೆ ಬೇಕೇ ಬೇಕು. ನಮ್ಮ ಮೂವರಲ್ಲಿ ಯಾರ ಕುತ್ತಿಗೆಗೆ ಬರುತ್ತೋ. ನನ್ನವಳು ಹಾಸಿಗೆ ಹಿಡಿದು ಎರಡು ವರ್ಷ ಆಯ್ತು. ಎಲ್ಲಿಗೆ ಹೊತ್ಕೊಂಡು ಹೋಗ್ಲಿ?"

"ನಂಗೆ ನಾಲ್ಕು ಮಕ್ಕಳು, ನಾಲ್ಕೂ ಅಲ್ಲೇ ಶಾಲೆಗೆ ಹೋಗ್ತಿದ್ದಾವೆ," ಎಂದ ಇಸ್ತ್ರಿಯವನು.

ಇಬ್ಬರೂ ಟೈಲರಮ್ಮನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಅವಳಿಗೆ ಸಾಕಾಯಿತು. ಒಂಟಿ ಜೀವ, ಒಂದು ಮಿಷನ್ನು, ಒಂದು ಟ್ರಂಕು.

"ಸುಮ್ನಿರೋಣ," ಎಂದರು ಕಂಡಕ್ಟರ್. "ಅಪ್ಪನ ಹಾಗೇ ಅವಳೂ. ತಾನಾಗಿ ಕೇಳೋಳಲ್ಲ."

ಅದೂ ನಿಜವೇ. ಬಾಯಿ ಮುಚ್ಚಿಕೊಂಡಿದ್ದರೆ ಅವಳ ಮನೆ ಅವಳಿಗೆ ಉಳಿಯುತ್ತಿತ್ತು. ಹನ್ನೊಂದು ವರ್ಷದಲ್ಲಿ ಅವಳಿಗೆ ಬಾಯಿ ಮುಚ್ಚಿಕೊಳ್ಳುವುದು ಇಷ್ಟು ಸುಲಭವಾಗಿ, ಇಷ್ಟು ಲಾಭಕ್ಕೆ ಎಂದೂ ಒದಗಿ ಬಂದಿರಲಿಲ್ಲ.

*

ಟೈಲರಮ್ಮ ಬಾಡಿಗೆಗಿದ್ದ ಆ ಮನೆ ಒಂದು ಕಾಲಕ್ಕೆ ಅವಳದೇ ಆಗಿತ್ತು. ಗಂಡ ಬಡಗಿ. ಗರಗಸದ ಮಿಷನ್ನಿಗೆ ಬ್ಯಾಂಕಿನಲ್ಲಿ ಸಾಲ ಮಾಡಿದ, ಅದೇ ಮಿಷನ್ನು ಅವನ ಬಲಗೈಯ ಮೂರು ಬೆರಳು ತೆಗೆದುಕೊಂಡಿತು. ಕೆಲಸ ನಿಂತಿತು, ಕಂತು ನಿಂತಿತು, ಬ್ಯಾಂಕು ಮನೆಗೆ ಬೀಗ ಹಾಕಲು ದಿನ ಕೊಟ್ಟಿತು. ಹಿಂದಿನ ದಿನ ಅವನು ತಾನೇ ಮಾಡಿದ್ದ ಮುಂಬಾಗಿಲನ್ನು ಎಡಗೈಯಲ್ಲೇ ಸ್ಕ್ರೂ ಬಿಚ್ಚಿ ಇಳಿಸಿದ. "ಸಾಲಕ್ಕೆ ಮನೆ ಬರೆದುಕೊಟ್ಟಿದ್ದೀನಿ. ಬಾಗಿಲು ನಾನು ಮಾಡಿದ್ದು," ಎಂದ. ಬಾಗಿಲೂ ಮನೆಯಲ್ಲೇ ಸೇರಿದ್ದು ಎಂದು ಅವಳಿಗೆ ಗೊತ್ತಿತ್ತು. ಆದರೂ ಇನ್ನೊಂದು ತುದಿ ಹಿಡಿದುಕೊಂಡಳು.

ಒಂದು ಶೆಡ್ಡಿನಲ್ಲಿ ಇಟ್ಟಿಗೆಯ ಮೇಲೆ ಬಾಗಿಲು ಮಲಗಿಸಿ ಅದರ ಮೇಲೆ ಅವಳು ಬಟ್ಟೆ ಕತ್ತರಿಸತೊಡಗಿದಳು. ಎರಡು ತಿಂಗಳಿಗೆ ಕೊಳಾಯಿ ಸಾಮಾನಿನ ಚೀಲ ಹಿಡಿದ ಒಬ್ಬರು ಹುಡುಕಿಕೊಂಡು ಬಂದರು. ನಿಮ್ಮ ಮನೆ ಹರಾಜಿನಲ್ಲಿ ಹಿಡಿದವನು ನಾನೇ ಎಂದರು. ಕೈಯಲ್ಲಿದ್ದ ಕತ್ತರಿಯನ್ನು ಎಸೆಯಬೇಕೆನ್ನಿಸಿತ್ತು ಅವಳಿಗೆ.

"ಕೊಂಡವನಿಗೆ ಮನೆ ಗೊತ್ತಿರಲ್ಲಮ್ಮ, ಕಳ್ಕೊಂಡವರಿಗೇ ಗೊತ್ತಿರೋದು," ಎಂದರು ಅವರು. "ನಾನು ಯಾವ ಮನೆ ಹಿಡಿದ್ರೂ ಹಳಬರನ್ನ ಹುಡುಕಿ ಕೇಳ್ತೀನಿ. ಆ ಮನೆಗೆ ಏನೇನು ಕಾಯಿಲೆ ಇದೆ, ಹೇಳ್ತೀರಾ?"

ಗಂಡ ತಲೆ ಎತ್ತಲಿಲ್ಲ. ಅವಳು ಹೇಳಿದಳು. ಬಚ್ಚಲಿನ ಇಳಿಜಾರು ಉಲ್ಟಾ ಇದೆ. ಅಡುಗೆಮನೆ ಗೋಡೆ ಬೆವರುತ್ತೆ. ಹಿತ್ತಿಲ ಸ್ವಿಚ್ಚು ಒದ್ದೆ ಕೈಯಲ್ಲಿ ಮುಟ್ಟಬೇಡಿ. ನಡುಮನೆ ಕಿಟಕಿ ಎತ್ತಿ ಹಾಕಿದರೆ ಮಾತ್ರ ಕೂಡುತ್ತೆ. ಹೇಳುತ್ತ ಹೇಳುತ್ತ ಅಳು ಬಂತು. ಅವರು ಸಿಮೆಂಟು ಚೀಲದ ತುಂಡಿನ ಮೇಲೆ ಒಂದೊಂದನ್ನೇ ಬರೆದುಕೊಂಡರು. ಬರೆಯಲು ಊರಿದ ಕೈ ಮೇಜಿನ ಮೇಲೆ ಚಿಲಕದ ತೂತಿಗೆ ತಾಗಿತು. ಆಮೇಲೆ ಮನೆ ನಂಬರಿನ ತಗಡಿಗೆ.

ಅವಳು ಕತ್ತರಿಸಿದ ಬಟ್ಟೆಯನ್ನು ತಗಡಿನ ಮೇಲಕ್ಕೆ ಎಳೆದಳು. ಅವರು ಮರದ ಮೇಲೆ ಅಂಗೈ ಆಡಿಸಿ, "ಒಳ್ಳೆ ಕೆಲಸ," ಎಂದರು. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಎದ್ದರು. "ರಿಪೇರಿ ಮುಗಿಸಿ ಬಾಡಿಗೆಗೆ ಕೊಡಬೇಕು ಅಂತಿದ್ದೀನಿ. ಮನೆ ಗೊತ್ತಿರೋರೇ ಬಂದ್ರೆ ನನಗೂ ಒಳ್ಳೇದು. ಬಾಡಿಗೆ ನಿಮ್ಮ ಕೈಲಾದಷ್ಟು. ಷರತ್ತು ಒಂದೇ. ಆ ಮನೆಗೆ ಯಾಕೋ ಬಾಗಿಲಿಲ್ಲ. ಬಾಗಿಲು ನೀವೇ ತರಬೇಕು."

ಬೆರಳು ಹೋದ ದಿನದಿಂದ ನಗದಿದ್ದ ಗಂಡ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕ. ಭಾನುವಾರ ಬಾಗಿಲು ಹೊತ್ತು ತಂದರು, ಒಂದು ತುದಿ ಇವರಿಬ್ಬರು, ಇನ್ನೊಂದು ತುದಿ ಅವರು. ಆಮೇಲೆ ಆ ಮಾತನ್ನು ಅವರು ಎಂದೂ ಎತ್ತಲಿಲ್ಲ. ಗಂಡ ಅದೇ ಮನೆಯಲ್ಲಿ, ತನ್ನ ಬಾಗಿಲ ಒಳಗೆ, ನೆಮ್ಮದಿಯಾಗಿ ಕಣ್ಣು ಮುಚ್ಚಿದ. ಅಷ್ಟೆಲ್ಲ ಉಪಕಾರಕ್ಕೆ ಅವಳು ವಾಪಸು ಕೊಟ್ಟದ್ದು ಬರೀ ನಲ್ಲಿ, ಬಚ್ಚಲು, ಶೀಟಿನ ದೂರು. ಒಳ್ಳೆಯ ಮಾತು ಹೊಟ್ಟೆಯಲ್ಲೇ ಇತ್ತು, ನಾಲಿಗೆಗೆ ಬಂದಿರಲಿಲ್ಲ.

*

ಮಣ್ಣು ಮುಗಿಸಿ ಬಂದಾಗ ಹುಡುಗಿ ಗಿರಣಿಯ ಮೆಟ್ಟಿಲ ಮೇಲೆ ಕೂತಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಅವಳಿಗೆ. ತಾಯಿ ಎಂದೋ ತೀರಿಹೋಗಿದ್ದರು. ಟೈಲರಮ್ಮ ಪಕ್ಕದಲ್ಲಿ ಕೂತಳು.

"ಎಲ್ಲಿಗೆ ಹೋಗ್ತೀಯ ಮರಿ?"

"ಹಾಸ್ಟೆಲ್ಲಲ್ಲಿ ಹೆಸರು ಬರೆಸಿದ್ದೀನಿ ಅತ್ತೆ. ಮೂರು ತಿಂಗಳಲ್ಲಿ ಸಿಗಬಹುದು ಅಂದ್ರು."

"ಮೂರು ಮನೆ ಇಟ್ಕೊಂಡು ಹಾಸ್ಟೆಲ್ಲಾ?"

"ಮೂರರಲ್ಲೂ ಜನ ಇದ್ದಾರಲ್ಲ."

ಟೈಲರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋದ ವಾರ ನಿಮ್ಮಪ್ಪ ಬಂದಿದ್ದು ನನ್ನ ಮನೆಗೆ. ಮನೆ ಕೇಳೋಕೆ. ನಾನು ಬಾಯಿ ತೆಗೆಯೋಕೇ ಬಿಡಲಿಲ್ಲ. ಬರೋದೇ ಬೇಡ ಅಂದುಬಿಟ್ಟೆ. ಅದೇ ಕೊನೆ ಮಾತಾಯ್ತು."

"ಗೊತ್ತು. ಮನೆಗೆ ಬಂದು ನಗ್ತಿದ್ರು. ಆಯಮ್ಮ ಗುಡುಗಿದ ಗುಡುಗಿಗೆ ಬಂದ ಕೆಲಸವೇ ಮರೆತುಹೋಯ್ತು ಅಂದ್ರು." ಹುಡುಗಿ ಅವಳ ಕಡೆ ತಿರುಗಿದಳು. "ಮನೆ ಕೇಳೋಕೆ ಬಂದಿದ್ದಲ್ಲ ಅತ್ತೆ. ಒಂದ್ಸಲ ಮನೆ ಬಿಟ್ಟೋರನ್ನ ಇನ್ನೊಂದ್ಸಲ ಬಿಡಿ ಅನ್ನೋಕೆ ನನಗೆ ನಾಲಿಗೆ ಹೊರಳಲ್ಲ ಅಂತಿದ್ರು. ನಡುಮನೇಲಿ ಮಗಳಿಗೊಂದು ಮಂಚದ ಜಾಗ ಕೊಡ್ತೀರಾ ಅಂತ ಕೇಳೋಕೆ ಬಂದಿದ್ದು. ತಾವು ಇಸ್ತ್ರಿ ಅಂಗಡೀಲಿ ಮಲ್ಕೊಳ್ತೀನಿ ಅಂತಿದ್ರು."

ಟೈಲರಮ್ಮನಿಗೆ ತಡೆಯಲಾಗಲಿಲ್ಲ. ದೇಹದ ಮುಂದೆ ಬಾರದ ಅಳು ಈಗ ಬಿಕ್ಕಿ ಬಿಕ್ಕಿ ಬಂತು. ದೇವರಂಥ ಮನುಷ್ಯ, ನನ್ನಂಥ ಬಾಯಿಬಡುಕಿಗೆ ಹೆದರಿ ಹೋದರಲ್ಲ ಎಂದಳು. ನಿಮ್ಮಪ್ಪನಿಂದ ನನ್ನ ಗಂಡ ತಲೆ ಎತ್ತಿ ಸತ್ತ ಎಂದಳು. ಕೊನೆಗೆ, "ನಾಳೆಯೇ ಖಾಲಿ ಮಾಡ್ತೀನಿ. ಅದು ನಿನ್ನ ಮನೆ," ಎಂದಳು.

"ನೀವು ಹೋದ್ರೆ ನಾನು ಬರಲ್ಲ."

"ಹಟ ಮಾಡಬೇಡ."

"ಹಟ ನಿಮ್ಮದು. ನೀವಿದ್ರೆ ಈಗಲೇ ಬರ್ತೀನಿ."

ಗಿರಣಿ ಯಜಮಾನರು, ಕಂಡಕ್ಟರ್, ಇಸ್ತ್ರಿಯವನು ಎಲ್ಲ ಕೇಳಿಸಿಕೊಳ್ಳದವರಂತೆ ನಿಂತು ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡರು. ಇಸ್ತ್ರಿಯವನು ಮೇಲೆ ಹೋಗಿ ಮೊದಲ ಪೆಟ್ಟಿಗೆಯನ್ನು ಹೊತ್ತುಕೊಂಡು ಇಳಿದ.

*

ಸಂಜೆ ನಡುಮನೆಯನ್ನು ಖಾಲಿ ಮಾಡಿ ಟೈಲರಮ್ಮ ಕೊರಳಿನ ಟೇಪು ತೆಗೆದು ನೆಲ ಅಳೆದಳು. ಸರಿಯಾಗಿ ಅರ್ಧಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ದೂರ ನಿಂತು ನೋಡಿದಳು. ಮನಸ್ಸಿಗೆ ಬರಲಿಲ್ಲ. ಅಂಗೈಯಿಂದ ಅಳಿಸಿ, ತನ್ನ ಟ್ರಂಕಿನ ಕಡೆಗೆ ಒಂದು ಗೇಣು ಸರಿಸಿ ಮತ್ತೆ ಎಳೆದಳು.

"ಇದ್ಯಾಕೆ?" ಎಂದಳು ಹುಡುಗಿ.

"ಹೊಲಿಗೆ ಪಟ್ಟಿಗೆ ಸ್ವಲ್ಪ ಜಾಸ್ತಿ ಬಿಡಬೇಕು. ಮುಂದೆ ದಪ್ಪ ಆದ್ರೆ ಬಿಚ್ಚಿಕೊಳ್ಳೋಕೆ."

ಹುಡುಗಿ ಅವಳ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಮಂಡಿಯೂರಿ ಕೂತಳು. ಆ ಗೆರೆಯನ್ನು ಒರೆಸಿ, ತನ್ನ ಕಡೆಗೆ ಒಂದು ಗೇಣು ಸರಿಸಿ ಎಳೆದಳು. ಟೈಲರಮ್ಮ ಕಿತ್ತುಕೊಂಡು ಮತ್ತೆ ಒರೆಸಿದಳು. ಹೀಗೆ ಎಷ್ಟೋ ಸಲ ನಡೆಯಿತು. ಕಂಡಕ್ಟರ್ ಕೊನೆಯ ಪೆಟ್ಟಿಗೆ ತಂದು ಒಳಗಿಡಲು ಹೊರಟವರು ಯಾರ ಕಡೆ ಇಡುವುದೆಂದು ತಿಳಿಯದೆ ನಿಂತರು. ನೆಲದಲ್ಲಿ ಗೆರೆಯೇ ಇರಲಿಲ್ಲ. ಗೋಡೆಯಿಂದ ಗೋಡೆಯವರೆಗೆ ಸೀಮೆಸುಣ್ಣ ಹರಡಿ ನಡುಮನೆಯೆಲ್ಲ ಬೆಳ್ಳಗಾಗಿತ್ತು, ಇಬ್ಬರು ಹೆಂಗಸರು ಅದರ ನಡುವೆ ಮಂಡಿಯೂರಿ ಕೂತು ಒಂದೇ ತುಂಡಿಗೆ ಕಿತ್ತಾಡುತ್ತಿದ್ದರು.