ತಮ್ಮಂದು, ತಮ್ಮನ್ನ

ನನ್ನ ಗಂಡ ನನ್ನ ತಮ್ಮನನ್ನು ಕೊಂದ. ಅದರಲ್ಲಿ ಯಾರಿಗೂ ಅನುಮಾನವಿಲ್ಲ, ಅವನೂ ಇಲ್ಲವೆಂದಿಲ್ಲ. ನ್ಯಾಯಾಲಯ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದು ಒಂದು ಅಕ್ಷರಕ್ಕೆ.

ಗಂಡನದು ಸಲೂನು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಕಾಯುವವರಿಗೊಂದು ಬೆಂಚು. ಕೈ ಹಗುರ ಎಂದು ಗಿರಾಕಿಗಳು ಹೊಗಳುತ್ತಿದ್ದರು. ಆ ಕೈ ಎಷ್ಟು ಭಾರ ಎಂಬುದು ನನ್ನ ಬೆನ್ನಿಗೆ ಗೊತ್ತಿತ್ತು. ಅದು ತಿಳಿದ ಸಂಜೆ ತಮ್ಮ ನಡುಬೀದಿಯಲ್ಲೇ ಅವನ ಕೊರಳಪಟ್ಟಿ ಹಿಡಿದ. ಅಮ್ಮ ಇಬ್ಬರಿಗೂ ಬೈದು ರಾಜಿ ಮಾಡಿಸಿದಳು. ಮೂರನೆಯ ದಿನ ತಮ್ಮ, ಮುನಿಸು ಮುಗಿಯಿತೆಂದು ತೋರಿಸಲು, ತಾನಾಗಿಯೇ ಹೋಗಿ ಭಾವನ ಕುರ್ಚಿಯಲ್ಲಿ ಕತ್ತು ಒಡ್ಡಿ ಕೂತ. ಅಷ್ಟು ಪೆದ್ದ ನನ್ನ ತಮ್ಮ.

ಮಧ್ಯಾಹ್ನ ಊಟಕ್ಕೆ ಕರೆಯಲು ಗಂಡನಿಗೆ ಫೋನ್ ಮಾಡಿದೆ. ಕೂದಲು ಕತ್ತರಿಸುವ ಮೆಷಿನ್ ಹಿಂದೆ ಗುಂಯ್‌ಗುಡುತ್ತಿತ್ತು. ನಿನ್ನ ತಮ್ಮ... ಮುಗಿಸಿ ಬರ್ತೀನಿ ಅಂದ, ಇಟ್ಟ. ಹತ್ತು ನಿಮಿಷಕ್ಕೆ, ಬೆಂಚಿನ ಮೇಲೆ ಕಾಯುತ್ತಿದ್ದ ಮುದುಕ ಕಿರುಚುತ್ತ ಬೀದಿಗೆ ಓಡಿಬಂದನಂತೆ.

ಸ್ಟೇಷನ್ನಿನಲ್ಲಿ ನಾನು ಅಳುತ್ತ ಹೇಳಿದ್ದನ್ನು ಅವರು ‘ತಮ್ಮನನ್ನು ಮುಗಿಸಿ ಬರುತ್ತೇನೆ’ ಎಂದು ಬರೆದುಕೊಂಡರು. ಆದರೆ ‘ಇವರದು ಮುಗಿಸಿ ಬರ್ತೀನಿ, ಕೂತಿರಿ’ ಎಂಬುದು ಸಲೂನಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಆಡುವ ಮಾತು. ತಮ್ಮಂದು ಅಂದರೆ ಗಡ್ಡ. ತಮ್ಮನ್ನ ಅಂದರೆ ಪ್ರಾಣ.

ಗಂಡನ ವಕೀಲರು ಬಿಡಿಸಿ ಹೇಳಿದರು. ಮೊದಲೇ ನಿಶ್ಚಯಿಸಿ ಕೊಂದಿದ್ದರೆ ಕೊಲೆ. ನೇಣು, ಇಲ್ಲವೇ ಜೀವ ಇರುವ ತನಕ ಜೈಲು. ಆದರೆ ಅಕ್ಕನ ಮೇಲೆ ಇನ್ನೊಮ್ಮೆ ಕೈ ಎತ್ತಿದರೆ ಆ ಕೈ ಇರಲ್ಲ ಎಂದು ತಮ್ಮ ಕುರ್ಚಿಯಲ್ಲಿ ಕೂತೇ ಕೆಣಕಿದ್ದನ್ನು ಮುದುಕ ಕೇಳಿಸಿಕೊಂಡಿದ್ದ. ಆ ಗಳಿಗೆಯಲ್ಲಿ ರಕ್ತ ಕುದಿದು ಕತ್ತಿ ಆಡಿದ್ದಾದರೆ ಅದು ಕೊಲೆಯಲ್ಲದ ನರಹತ್ಯೆ, ಕೆಲವೇ ವರ್ಷ. ಕೊಲೆಯಲ್ಲದ ನರಹತ್ಯೆಯಂತೆ! ಸತ್ತವನನ್ನು ಕೇಳಿದ್ದರೆ ಎರಡಕ್ಕೂ ಏನು ವ್ಯತ್ಯಾಸ ಹೇಳುತ್ತಿದ್ದನೋ. ಮಗಳ ಮುಖ ನೋಡಿ ಸಾಕ್ಷಿ ಹೇಳಮ್ಮ ಎಂದರು ವಕೀಲರು. ಮಗಳಿಗೆ ಆರು ವರ್ಷ. ನೇಣಿಗೆ ಹೋದವನ ಮಗಳು ಅನ್ನಿಸಿಕೊಂಡು ಅವಳು ಬೆಳೆಯುವುದು ನನಗೆ ಬೇಡವಾಗಿತ್ತು.

ಅಮ್ಮ ಬೇರೇನೂ ಬೇಡಲಿಲ್ಲ, ಕಿವಿಗೆ ಬಿದ್ದದ್ದನ್ನು ಹೇಳು ಸಾಕು ಅಂದಳು. ಬಿದ್ದದ್ದೇ ಅರ್ಧ, ಉಳಿದರ್ಧ ಮೆಷಿನ್ ನುಂಗಿತ್ತು ಎಂದು ನಾನು ಅವಳಿಗೂ ಹೇಳಿರಲಿಲ್ಲ.

ಸಾಕ್ಷಿಯ ದಿನ ನ್ಯಾಯಾಧೀಶರು ತಾವೇ ಕೇಳಿದರು: ತಮ್ಮಂದೋ, ತಮ್ಮನ್ನೋ? ಎದುರಿಗೆ ಗಂಡ ತಲೆ ತಗ್ಗಿಸಿ ನಿಂತಿದ್ದ.

“ತಮ್ಮಂದು,” ಅಂದೆ. “ತಮ್ಮಂದು ಮುಗಿಸಿ ಬರ್ತೀನಿ ಅಂದ್ರು. ಗಡ್ಡದ ಮಾತು ಅದು.”

ಅವನು ತಲೆ ಎತ್ತಿದ. ನಿಜ ಹೇಳಿದವರನ್ನು ಯಾರೂ ಹಾಗೆ ನೋಡುವುದಿಲ್ಲ. ಮೊದಲು ಬೆರಗಾದ, ಆಮೇಲೆ ಎರಡೂ ಕೈ ಎತ್ತಿ ನನಗೆ ಮುಗಿದ, ಹನ್ನೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ. ಅವತ್ತು ಅವನ ಬಾಯಿಂದ ಬಂದಿದ್ದು ಯಾವ ಮಾತೆಂದು ನನಗೆ ಆಗ ಗೊತ್ತಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೆರಳಚ್ಚಿನವಳು ‘ತಮ್ಮನದು’ ಎಂದು ಒತ್ತಿಯಾಗಿತ್ತು. ತಿದ್ದಲು ಬಾಯಿ ತೆರೆದೆ. ಮಗಳು ನೆನಪಾದಳು, ಮುಚ್ಚಿದೆ.

ಕೊಲೆಯಲ್ಲ ಎಂದು ತೀರ್ಪಾಯಿತು. ಏಳು ವರ್ಷ, ಅದರಲ್ಲಿ ಆಗಲೇ ಜೈಲಿನಲ್ಲಿದ್ದ ಎರಡು ವರ್ಷ ಕಳೆದು ಐದು.

ಅಮ್ಮ ಅಳಲಿಲ್ಲ, ಶಾಪವನ್ನೂ ಹಾಕಲಿಲ್ಲ. ನ್ಯಾಯಾಲಯದ ಮೆಟ್ಟಿಲು ಇಳಿಯುವಾಗ ನನ್ನ ಬೆನ್ನ ಮೇಲೆ ಕೈಯಿಟ್ಟಳು.

“ಐದು ವರ್ಷಕ್ಕೆ ಮನೆಗೆ ಬರ್ತಾನೆ,” ಅಂದಳು. “ಮತ್ತೆ ಕೈ ಎತ್ತಿದ್ರೆ ಕೇಳೋಕೆ ನಿಂಗೆ ಇನ್ಯಾರಿದ್ದಾರೆ?”