ಕಾಗದ ಸುತ್ತಿದ ಸಿರಿಂಜು

ಸಿರಿಂಜಿಗೆ ಕಾಗದ ಸುತ್ತಿದ್ದರು. ನನ್ನ ಅನುಮಾನ ಅಲ್ಲಿಗೇ ಶುರುವಾಯಿತು. ನಾನು ದರ್ಜಿ, ಒಳಗಿನ ಹೊಲಿಗೆ ನೋಡದೆ ಯಾವ ಬಟ್ಟೆಯನ್ನೂ ನಂಬಿದವಳಲ್ಲ. ತುಂಬು ಬಸುರಿ ಸೊಸೆಯ ತೋಳಿಗೆ ಏನು ಹೋಗುತ್ತಿದೆ ಎಂಬುದು ನನ್ನ ಕಣ್ಣಿಗೆ ಬೀಳಬಾರದೆ?

ನರ್ಸು ತಾಳ್ಮೆಯಿಂದಲೇ ವಿವರಿಸಿದಳು. ಕೆಲವು ತಾಯಂದಿರ ಮೈಯಲ್ಲಿ ಒಂದು ಬ್ಯಾಕ್ಟೀರಿಯಾ ತಣ್ಣಗೆ ಕೂತಿರುತ್ತದಂತೆ, ಅವರಿಗೆ ಏನೂ ಮಾಡುವುದಿಲ್ಲವಂತೆ. ಹೆರಿಗೆಯ ಹೊತ್ತಿಗೆ ಕೂಸಿಗೆ ಅಂಟಿದರೆ ಮಾತ್ರ ಒಂದು ವಾರದೊಳಗೇ ರಕ್ತ ನಂಜಾಗಬಹುದಂತೆ. ಎಷ್ಟು ದಿನದೊಳಗೆ ಎಂದಿರಿ ಎಂದು ಮತ್ತೊಮ್ಮೆ ಕೇಳಿದೆ. ತಾಯಿಗೆ ಲಸಿಕೆ ಹಾಕಿದರೆ ಹೊಟ್ಟೆಯೊಳಗಿನ ಮಗುವಿಗೂ ರಕ್ಷಣೆ ಸಿಗುತ್ತದೆಯೇ ಎಂದು ನೋಡುವ ಪರೀಕ್ಷೆ ಇದು. ಸೊಸೆ ಎಲ್ಲವನ್ನೂ ಓದಿ, ಕೇಳಿ, ಸಹಿ ಹಾಕಿದ್ದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನು ಗೊಣಗಿದೆ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಎಂದು ಅವಳು ನಕ್ಕಳು.

ಕಾಗದ ಬಿಚ್ಚಿ ತೋರಿಸಿ ಎಂದೆ. ಆಗುವುದಿಲ್ಲವಂತೆ. ಅರ್ಧ ಜನಕ್ಕೆ ಲಸಿಕೆ, ಇನ್ನರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಚುಚ್ಚುವವಳಿಗೂ ತಿಳಿಸುವುದಿಲ್ಲವಂತೆ. ಅಲ್ಲಿಯವರೆಗೆ ವಿಷ ಹಾಕುತ್ತಾರೇನೋ ಎಂದು ಹೆದರುತ್ತಿದ್ದವಳಿಗೆ ಈಗ ಬೇರೆಯೇ ಭಯ ಹಿಡಿಯಿತು. ನಮ್ಮವಳ ಪಾಲಿಗೆ ನೀರು ಬಂದಿದ್ದರೆ?

"ಸಿಸ್ಟರ್, ನಿಜ ಹೇಳಿ. ಇವಳಿಗೆ ಹಾಕಿದ್ದು ಔಷಧಿನೋ, ನೀರೋ?"

"ನಂಗೂ ಗೊತ್ತಿಲ್ಲಮ್ಮ. ನೀರೇ ಹಾಕಿದ್ದು ಅಂದ್ಕೊಂಡು ಮಗೂನ ನೋಡ್ಕೊಳ್ಳಿ. ಹಾಲು ಕುಡೀದೆ ಮಂಕಾದ್ರೆ ಕಾಯಬೇಡಿ, ಕರ್ಕೊಂಡು ಬನ್ನಿ."

ಗೊತ್ತಿದ್ದೂ ಮುಚ್ಚಿಡುತ್ತಿದ್ದಾಳೆ ಎಂದೇ ಅಂದುಕೊಂಡೆ. ದಾರಿಯುದ್ದಕ್ಕೂ ಅವಳ ಮುಖವನ್ನು ನೆನೆನೆನೆದು, ಎಲ್ಲಾದರೂ ಸುಳ್ಳು ಸಿಕ್ಕೀತೇ ಎಂದು ಹುಡುಕಿದೆ.

ಮೊಮ್ಮಗಳು ಹುಟ್ಟಿ ಮನೆಗೆ ಬಂದ ಮೇಲೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತೊಟ್ಟಿಲ ಪಕ್ಕ ಕೂತೆ. ಕೂಸು ಸೀನಿದರೂ ಅನುಮಾನ, ಸೀನದಿದ್ದರೂ ಅನುಮಾನ. ನೀನು ಪೊಲೀಸು ಕೆಲಸಕ್ಕೆ ಸೇರಬೇಕಿತ್ತು ಎಂದು ಮಗ ರೇಗಿಸಿದ.

ಆರನೆಯ ದಿನ ಬೆಳಿಗ್ಗೆ ಕೂಸು ಹಾಲು ಕುಡಿಯಲಿಲ್ಲ, ಅಳಲೂ ಇಲ್ಲ. ಎಷ್ಟು ಜಾಣೆ, ಅಮ್ಮನಿಗೆ ನಿದ್ದೆ ಮಾಡಲು ಬಿಟ್ಟಿದ್ದಾಳೆ ಎಂದು ಮಗ ಹೊಗಳಿದ. ಅಂಗಾಲು ಉಜ್ಜಿದೆ. ಕಣ್ಣು ಬಿಡಲಿಲ್ಲ. ಆಸ್ಪತ್ರೆಗೆ ನಡಿ ಎಂದರೆ, ಸಂಜೆವರೆಗೆ ನೋಡೋಣ ಎಂದ. ಅವನ ಮುಖವನ್ನೂ ನೋಡದೆ ಕೂಸನ್ನು ಎತ್ತಿಕೊಂಡು ಬೀದಿಗಿಳಿದೆ.

ರಕ್ತದಲ್ಲಿ ನಂಜಿತ್ತು. ಬೇಗ ತಂದಿದ್ದಕ್ಕೆ ಉಳಿಯಿತು ಎಂದರು ಡಾಕ್ಟರು. ಹತ್ತು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಗುಣ ಮಾಡಿ ಕಳಿಸಿದರು. ಹಾಕಿದ್ದು ನೀರೋ ಲಸಿಕೆಯೋ, ಪರೀಕ್ಷೆ ಮುಗಿಯುವವರೆಗೆ ಹೇಳುವುದಿಲ್ಲವಂತೆ. ಬಾಣಂತಿ ಸೊಸೆ ನನ್ನ ಕೈ ಹಿಡಿದುಕೊಂಡು, ಮಲಗಿದ್ದ ಮಗುವಿನ ಮೇಲೆ ನಿಮಗೆ ಹೇಗೆ ಅನುಮಾನ ಬಂತು ಎಂದು ಕೇಳಿದಳು.

ಅವಳ ಗಂಡ ಹುಟ್ಟುವ ಮೊದಲು ನನಗೊಂದು ಹೆಣ್ಣು ಮಗುವಾಗಿದ್ದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ನಾಲ್ಕನೆಯ ದಿನ ಅದೂ ಹೀಗೇ ಹಾಲು ಬಿಟ್ಟು ಮಲಗಿತ್ತು. ಎಂಥ ಸಾಧು ಮಗು ಎಂದು ಮನೆಯವರೆಲ್ಲ ಹೊಗಳಿದ್ದರು.

"ಅವತ್ತು ಅವರ ಮಾತು ನಂಬ್ಕೊಂಡು, ಸಂಜೆವರೆಗೂ ಎಬ್ಬಿಸ್ಲಿಲ್ಲ ಕಣೇ ನಾನು."